ಬಾಗಿಲು ನೋಡಲು ಹೋಗಿ ಗೋಡೆ ನೋಡಿ ಬಂದೆ

ಜರ್ಮನಿಯ ವಿಟೆನ್‌ಬರ್ಗ್‌ಗೆ ಹೋದವರೆಲ್ಲ ಮೊದಲು ಆ ಬಾಗಿಲಿನ ಮುಂದೆ ಹೋಗಿ ನಿಲ್ಲುತ್ತಾರೆ. ನಾನೂ ನಿಂತೆ. ಬರ್ಲಿನ್‌ನಿಂದ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆಯ ಹಾದಿ ಅಷ್ಟೆ. 1517ರ ಅಕ್ಟೋಬರ್ 31ರಂದು ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಅಂದಿನ ಚರ್ಚಿನ ವಿರುದ್ಧದ ತಮ್ಮ 95 ವಾದಗಳನ್ನು ಮೊಳೆ ಹೊಡೆದು ತೂಗುಹಾಕಿದರು ಅಂತಾರಲ್ಲ, ಅದೇ ಕೋಟೆ ಚರ್ಚ್. ಆದರೆ ಆ ಮರದ ಬಾಗಿಲು 1760ರಲ್ಲೇ ಯುದ್ಧದ ಬೆಂಕಿಯಲ್ಲಿ ಸುಟ್ಟುಹೋಯಿತು. ಈಗಿರುವುದು 1858ರ ಕಂಚಿನ ಬಾಗಿಲು. ಮೊಳೆ ಹೊಡೆದದ್ದು ನಿಜವೇ ಎಂಬುದರಲ್ಲೂ ಇತಿಹಾಸಕಾರರಿಗೆ ಒಮ್ಮತವಿಲ್ಲ. ಸುಮ್ನೆ ಒಂದು ಫೋಟೊ ತೆಗೆದು ಹೊರಟೆ.

ನನ್ನ ಕಾಲು ಕಟ್ಟಿಹಾಕಿದ್ದು ಪಟ್ಟಣದ ಇನ್ನೊಂದು ಚರ್ಚ್, ಲೂಥರ್ ಧರ್ಮೋಪದೇಶ ಮಾಡುತ್ತಿದ್ದ ಚರ್ಚ್. ಅದರ ಹೊರಗೋಡೆಯ ಆಗ್ನೇಯ ಮೂಲೆಯಲ್ಲಿ ಕತ್ತೆತ್ತಿ ನೋಡಿದರೆ ಒಂದು ಹಂದಿಯ ಕೆತ್ತನೆ, ಯಹೂದಿಗಳಿಗೆ ಅಶುದ್ಧವಾದ ಪ್ರಾಣಿ. ಯಹೂದಿಗಳು ಅದರ ಮೊಲೆ ಚೀಪುತ್ತಿದ್ದಾರೆ, ಒಬ್ಬ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಅದರ ಬಾಲ ಎತ್ತಿ ಇಣುಕುತ್ತಿದ್ದಾನೆ. ಹೆಚ್ಚುಕಮ್ಮಿ 700 ವರ್ಷ ಹಳೆಯದು. ದೇವರನ್ನು ಆರಾಧಿಸುವ ಜಾಗದ ಗೋಡೆಯ ಮೇಲೆ ಇದು! ಲೂಥರ್ ಇದನ್ನು ನೋಡಿ ನಾಚಿಕೊಳ್ಳಲಿಲ್ಲ, 1543ರಲ್ಲಿ ಇದನ್ನೇ ವರ್ಣಿಸಿ ಯಹೂದಿಗಳನ್ನು ಹಂಗಿಸಿದರು. ಅದೇ ವರ್ಷದ ಮತ್ತೊಂದು ಬರಹದಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಿಗೆ ಬೆಂಕಿ ಹಚ್ಚಿ ಎಂದರು.

ಕೆತ್ತನೆಯ ಕೆಳಗೆ, ನೆಲದಲ್ಲಿ, 1988ರಲ್ಲಿ ಕೂರಿಸಿದ ಫಲಕವಿದೆ. ನಾಲ್ಕು ಚಪ್ಪಡಿ, ಅವುಗಳ ನಡುವಿನ ಶಿಲುಬೆಯಾಕಾರದ ಸಂದಿನಿಂದ ಏನೋ ಉಕ್ಕಿ ಮೇಲೆ ಬರುತ್ತಿರುವ ಹಾಗೆ ಮಾಡಿದ್ದಾರೆ, ಎಷ್ಟು ಮುಚ್ಚಿದರೂ ಮುಚ್ಚಲಾಗದ ಹಾಗೆ. ಸುತ್ತಲಿನ ಬರಹ ನಾಜಿಗಳ ಕಾಲದ 60 ಲಕ್ಷ ಯಹೂದಿಗಳ ಸಾವನ್ನು ಹೇಳುತ್ತದೆ, ಅದೂ ಶಿಲುಬೆಯ ಗುರುತಿನಡಿ ನಡೆದ ಸಾವು ಎಂದು. ಒಂದು ಚರ್ಚ್ ತನ್ನ ಅಂಗಳದಲ್ಲೇ ಹಾಗೆ ಬರೆಸಿಕೊಳ್ಳುವುದು ಸಣ್ಣ ಮಾತಲ್ಲ. ಆದರೂ ಮೇಲಿನ ಹಂದಿ ಮೇಲೇ ಇದೆ. ಕಿತ್ತು ಹಾಕಿ ಎಂದು ಕೋರ್ಟಿಗೆ ಹೋದವರಿದ್ದಾರೆ. ಫಲಕ ಇರುವುದರಿಂದ ಈಗ ಅದು ಅವಮಾನವಲ್ಲ, ಸ್ಮಾರಕ ಎಂದು 2022ರಲ್ಲಿ ಜರ್ಮನಿಯ ಅತ್ಯುನ್ನತ ಸಿವಿಲ್ ಕೋರ್ಟು ಹೇಳಿತು. ನನಗೇನೋ ಒಪ್ಪಿಗೆಯಾಗಲಿಲ್ಲ. ಬೈಗುಳವನ್ನು ಹಾಗೇ ಬಿಟ್ಟು ಕೆಳಗೆ ಕ್ಷಮಾಪಣೆ ಬರೆದರೆ ಬೈಸಿಕೊಂಡವರಿಗೆ ಮೊದಲು ಕಾಣುವುದು ಬೈಗುಳವೇ ಅಲ್ವಾ?

ಮಾರನೇ ದಿನ ಬರ್ಲಿನ್‌ನಲ್ಲಿ ಹಿಟ್ಲರನನ್ನು ಎದುರಿಸಿದ ಪಾಸ್ಟರ್ ಡೀಟ್ರಿಶ್ ಬೋನ್‌ಹೋಫರ್ ಅವರ ಮನೆಗೆ ಹೋದೆ. ಮರಿಯೆನ್‌ಬುರ್ಗರ್ ಆಲೇ, 43. ಮೊದಲೇ ತಿಳಿಸಿ ಹೋಗಬೇಕು. ಮಹಡಿಯ ಮೇಲೆ ಅವರ ಕೋಣೆ, ಪುಸ್ತಕದ ಕಪಾಟು, ಮೇಜು. 1943ರ ಏಪ್ರಿಲ್‌ನಲ್ಲಿ ನಾಜಿಗಳು ಹಿಡಿದುಕೊಂಡು ಹೋದದ್ದು ಈ ಮನೆಯಿಂದಲೇ. ಜೈಲಿನಿಂದ ಗೆಳೆಯನಿಗೆ ಬರೆದ ಪತ್ರಗಳಲ್ಲಿ ಜಗತ್ತು ಈಗ ಪ್ರಾಯಕ್ಕೆ ಬಂದಿದೆ ಅಂತಾರೆ. ನಮಗೆ ತಿಳಿಯದ ಕಡೆಯೆಲ್ಲ ದೇವರನ್ನು ತೂರಿಸಿದರೆ, ವಿಜ್ಞಾನ ಬೆಳೆದ ಹಾಗೆಲ್ಲ ದೇವರು ಹಿಂದೆ ಸರಿಯುತ್ತಲೇ ಇರಬೇಕಾಗುತ್ತದೆ ಎನ್ನುವುದು ಅವರ ಚಿಂತೆ. ಆಮೇಲೆ ದೈವಶಾಸ್ತ್ರ ಓದಿದವರಿಗೆ ಈ ಪತ್ರಗಳನ್ನು ದಾಟಿ ಹೋಗಲು ಆಗಲೇ ಇಲ್ಲ.

ಆದರೆ ನನ್ನ ತಲೆಯಲ್ಲಿ ಇದ್ದದ್ದು ಹಿಂದಿನ ದಿನದ ಗೋಡೆ. 1933ರಲ್ಲಿ, ಇನ್ನೂ ಬಹಳ ಮಂದಿ ಬಾಯಿ ಮುಚ್ಚಿಕೊಂಡಿದ್ದಾಗ, ಆಳುವವರ ಚಕ್ರದಡಿ ಸಿಕ್ಕವರ ಗಾಯಕ್ಕೆ ಪಟ್ಟಿ ಕಟ್ಟಿದರೆ ಸಾಲದು, ಚಕ್ರವನ್ನೇ ತಡೆಯಬೇಕಾದೀತು ಎಂಬರ್ಥದ ಮಾತು ಬರೆದವರು ಇವರು. ಅದೇ ಲೇಖನದಲ್ಲಿ, ಕ್ರಿಸ್ತನನ್ನು ಶಿಲುಬೆಗೇರಿಸಿದ ಶಾಪ ಯಹೂದಿಗಳ ಮೇಲಿದೆ ಎಂಬ ಹಳೆಯ ಪಾಠವೂ ಇದೆ! ಮೊದಲ ಸಲ ಓದಿದಾಗ ನಂಬಲಿಕ್ಕೇ ಆಗಿರಲಿಲ್ಲ. ಅಷ್ಟು ಧೈರ್ಯದ ಮನುಷ್ಯನಿಗೂ ಅದು ಬೇರಿನಲ್ಲೇ ಅಂಟಿಕೊಂಡಿತ್ತು.

ಅವರನ್ನು ಗಲ್ಲಿಗೇರಿಸಿದ್ದು 1945ರ ಏಪ್ರಿಲ್ 9ರಂದು. ಏಸುವಿನ ಸಾವನ್ನು ಎಲ್ಲ ಯಹೂದಿಗಳ ತಲೆಗೆ ಕಟ್ಟಬಾರದು ಎಂದು ಕ್ಯಾಥೊಲಿಕ್ ಸಭೆ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ ಹೇಳಿದ್ದು 1965ರಲ್ಲಿ. ಯಹೂದಿಗಳ ಜೊತೆ ದೇವರು ಮಾಡಿಕೊಂಡ ಒಡಂಬಡಿಕೆ ಇನ್ನೂ ಮುರಿದಿಲ್ಲ ಎಂದು ಜರ್ಮನಿಯ ರೈನ್‌ಲ್ಯಾಂಡ್‌ನ ಪ್ರೊಟೆಸ್ಟೆಂಟ್ ಸಭೆ ಒಪ್ಪಿದ್ದು 1980ರಲ್ಲಿ. ಮೆಟ್ಟಿಲು ಇಳಿಯುವಾಗ ನಾನು ಇದನ್ನೇ ಲೆಕ್ಕ ಹಾಕುತ್ತಿದ್ದೆ. ಒಂದಕ್ಕೆ 20 ವರ್ಷ, ಇನ್ನೊಂದಕ್ಕೆ 35.