ಅಮ್ಮನ ಗಡಿಯಾರಕ್ಕೆ ಹತ್ತು ನಿಮಿಷ

ರಾಸ್ಪ್‌ಬೆರಿ ಪೈ ಝೀರೋ ಡಬ್ಲ್ಯೂ ಒಂದು ನನ್ನ ಡ್ರಾಯರಿನಲ್ಲಿ ಸುಮ್ನೆ ಬಿದ್ದಿತ್ತು. ಬೆರಳುದ್ದದ ಕಂಪ್ಯೂಟರು. ಬೆಂಗಳೂರಿನ ಎಸ್‌ಪಿ ರೋಡಿಗೆ ಬೇರೆ ಕೆಲಸಕ್ಕೆ ಹೋದವನು ಎಲ್‌ಇಡಿ ಮ್ಯಾಟ್ರಿಕ್ಸ್ ಹಿಡಿದುಕೊಂಡು ಬಂದೆ. ಎಂಟಕ್ಕೆಂಟು ಚುಕ್ಕಿಯ ನಾಲ್ಕು ತುಂಡು, ಒಟ್ಟು 256 ಕೆಂಪು ದೀಪ. ಇದರಲ್ಲಿ ಕನ್ನಡ ಅಂಕಿಯ ಗೋಡೆ ಗಡಿಯಾರ ಮಾಡಿ, ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಡುಗೆಮನೆಗೆ ಹಾಕೋದು ಅಂತ ಲೆಕ್ಕ.

ವೈರು ಐದೇ. ಆದರೆ ಮೊದಲ ಸಲ ದೀಪ ಹತ್ತಿದಾಗ ಅಂಕಿಗಳೆಲ್ಲ ಮಗ್ಗುಲಾಗಿ ಮಲಗಿದ್ದವು. ತುಂಡುಗಳನ್ನು ಅಡ್ಡಕ್ಕೆ ಕೂರಿಸಿರುತ್ತಾರೆ, ಪ್ರೋಗ್ರಾಮಿನಲ್ಲಿ 90 ಡಿಗ್ರಿ ತಿರುಗಿಸು ಅಂತ ಹೇಳಬೇಕು. ಅದಕ್ಕಿಂತ ಕಷ್ಟವಾಗಿದ್ದು ಅಂಕಿ ಬರೆಯೋದು. ಒಂದೊಂದಕ್ಕೂ ಸಿಗೋದು ಆರು ಚುಕ್ಕಿ ಅಗಲ. ಲೆಕ್ಕದ ಚೌಕಳಿ ಪುಸ್ತಕದಲ್ಲಿ ಪೆನ್ಸಿಲಿನಿಂದ ಮನೆ ತುಂಬುತ್ತಾ ಕೂತೆ. ೦ ಸಲೀಸು. ೨ ಮತ್ತು ೩ ಮಾತ್ರ ಅವಳಿಜವಳಿ ಥರ ಕಾಣುತ್ತಿದ್ದವು. ೩ರ ಹೊಟ್ಟೆಯಲ್ಲಿ ಒಂದೇ ಒಂದು ಚುಕ್ಕಿ ಆರಿಸಿದ ಮೇಲೆ ಬೇರೆ ಬೇರೆ ಅನ್ನಿಸಿದವು. ಎರಡು ಸಂಜೆ ಹೋಯಿತು.

ಊರಿಗೆ ಒಯ್ದು ಮೊಳೆಗೆ ನೇತುಹಾಕಿದೆ. ಅಮ್ಮ ಕನ್ನಡಕ ಹಾಕಿಕೊಳ್ಳದೆ ಓದಿದಳು. ನನಗೆ ಅಷ್ಟೇ ಸಾಕಿತ್ತು.

ಜುಲೈ ಮಳೆ ಶುರುವಾಯಿತು. ಒಂದು ಬೆಳಿಗ್ಗೆ ಫೋನು. "ಏನೋ, ನಿನ್ನ ಗಡಿಯಾರ ನಂಬಿಕೊಂಡು ಇವತ್ತು ಡೈರಿಗೆ ಹಾಲೇ ಹೋಗಲಿಲ್ಲ!"

ರಾತ್ರಿ ಒಂದೂವರೆ ಸುಮಾರಿಗೆ ಕರೆಂಟು ಹೋಗಿ, ಐದಕ್ಕೆ ಬಂದಿದೆ. ಅಮ್ಮ ಎದ್ದು ನೋಡಿದರೆ ಗಡಿಯಾರದಲ್ಲಿ ಎರಡು ಗಂಟೆ. ಹೊರಗೆ ಮೋಡ, ಕತ್ತಲೆ. ಇನ್ನೂ ಹೊತ್ತಿದೆ ಅಂತ ಮತ್ತೆ ಮಲಗಿದ್ದಾಳೆ.

ತಪ್ಪು ನನ್ನದೇ. ಸಾದಾ ಗೋಡೆ ಗಡಿಯಾರದಲ್ಲಾದರೂ ಒಂದು ಶೆಲ್ ಇರುತ್ತೆ, ಈ ಪೈಗೆ ಅದೂ ಇಲ್ಲ. ಕರೆಂಟು ಹೋದರೆ ಸಮಯವೂ ಹೋಯಿತು. ಆಗಾಗ ಬರೆದಿಟ್ಟುಕೊಂಡ ಕೊನೆಯ ಹೊತ್ತನ್ನೇ ಹಿಡಿದು ಮತ್ತೆ ಓಡುತ್ತೆ, ಇಂಟರ್ನೆಟ್ ಸಿಕ್ಕಾಗ ಸರಿಮಾಡಿಕೊಳ್ಳುತ್ತೆ. ಅವತ್ತು ಮರ ಬಿದ್ದು ಇಂಟರ್ನೆಟ್ ಕೇಬಲ್ಲೂ ಹರಿದಿತ್ತು. ಬೆಂಗಳೂರಿನಲ್ಲಿ ಕೂತು ಮಾಡಿದವನಿಗೆ ಇದೆಲ್ಲ ಎಲ್ಲಿ ಹೊಳೆಯಬೇಕು?

ಮುಂದಿನ ವಾರ ಡಿಎಸ್3231 ಅನ್ನೋ, ಕರೆಂಟು ಇಲ್ಲದಾಗಲೂ ಹೊತ್ತು ಎಣಿಸುತ್ತಿರುವ ಪುಟ್ಟ ಬೋರ್ಡು ತಗೊಂಡು ಹೋದೆ. ಅದಕ್ಕೆ ಅದರದೇ ನಾಣ್ಯದಂಥ ಶೆಲ್. ಚಳಿ ಸೆಕೆಗೆ ತಕ್ಕಂತೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತೆ, ವರ್ಷಕ್ಕೆ ಒಂದು ನಿಮಿಷ ಹೆಚ್ಚುಕಮ್ಮಿ ಆದರೆ ಜಾಸ್ತಿ. ನಾಲ್ಕು ವೈರು ಬೆಸುಗೆ, ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು. ರೌಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಊಟ ಮುಗಿಸಿ ಬಂದು ಮತ್ತೆ ಹಾಕಿದೆ. ಒಂದು ನಿಮಿಷ ಬರೀ ಕತ್ತಲೆ. ಆಮೇಲೆ ೯:೪೨. ಮೊಬೈಲಿನಲ್ಲೂ ಅದೇ.

"ನೋಡಮ್ಮ, ಸೆಕೆಂಡೂ ತಪ್ಪಲ್ಲ" ಅಂದೆ.

ಅಮ್ಮ ನಡುಮನೆಯ ಹಳೇ ಗಡಿಯಾರವನ್ನು ಇಣುಕಿ ನೋಡಿ ಬಂದಳು. "ಅದರಲ್ಲಿ ಒಂಬತ್ತು ಐವತ್ತೆರಡು. ನಿಮ್ಮಪ್ಪ ಇದ್ದಾಗಿಂದ ಹತ್ತು ನಿಮಿಷ ಮುಂದೆ ಇಟ್ಟಿರೋದಲ್ವಾ? ಇದನ್ನೂ ಹಂಗೇ ಇಡೋ."

ಲ್ಯಾಪ್‌ಟಾಪ್ ಮತ್ತೆ ತೆಗೆದೆ. ಹತ್ತು ನಿಮಿಷ ಕೂಡಿಸು ಅಂತ ಒಂದು ಸಾಲು ಬರೆದೆ.