ರಿಸ್ಕ್ ಝೀರೋ ಮಾಡಿ ಅಂದ್ರು

ಗುರುವಾರ, 12 ಮಾರ್ಚ್ 2026, ರಾತ್ರಿ 11.30

ಇವತ್ತು ರಿಸ್ಕ್ ರಿಜಿಸ್ಟರ್ ಮೀಟಿಂಗು, ಅಂದ್ರೆ ಕೆಲಸದಲ್ಲಿ ಏನೇನು ಎಡವಟ್ಟಾಗಬಹುದು, ಅದನ್ನ ತಡೆಯೋಕೆ ಏನೇನು ಕಂಟ್ರೋಲ್ ಇದೆ ಅಂತ ಬರ್ದಿಡೋ ಶೀಟು. ಎರಡು ಗಂಟೆ ತಲೆ ತಿಂದಿದ್ದು ಒಂದೇ ಒಂದು ಕಾಲಂ, ರೆಸಿಡ್ಯುಯಲ್ ರಿಸ್ಕ್, ಅಂದ್ರೆ ಇರೋಬರೋ ಕಂಟ್ರೋಲ್ ಎಲ್ಲ ಹಾಕಿದ ಮೇಲೂ ಉಳ್ಕೊಳ್ಳೋ ಅಪಾಯ. "ಇಷ್ಟೆಲ್ಲ ಹಾಕಿದೀವಲ್ಲ, ಮತ್ತೆ ಇದ್ಯಾಕೆ ಝೀರೋ ಆಗಿಲ್ಲ?" ಅಂದ್ರು ಸರ್. ಝೀರೋ ಆಗಲ್ಲ ಸರ್ ಅಂದೆ. "ಹಾಗಾದ್ರೆ ಇನ್ನೊಂದು ಅಪ್ರೂವಲ್ ಸೇರಿಸಿ."

ನಗು ಬಂತು. ನಗೋಕೆ ನಂಗೆ ಮುಖ ಇಲ್ಲ ಬಿಡಿ, ಯಾಕಂದ್ರೆ ಹೋದ ತಿಂಗಳು ಎಡವಟ್ಟಾದಾಗ ಎರಡನೇ ಅಪ್ರೂವಲ್ ನಂದೇ. ಪೇಮೆಂಟ್ ಲಿಸ್ಟಲ್ಲಿ ಒಂದೇ ಬಿಲ್ಲು ಎರಡು ಸಲ ಕೂತಿತ್ತು, ಲಿಸ್ಟ್ ಮಾಡಿದ ಹುಡುಗ ಮೇಲೆ ನೋಡೋರು ಇದಾರಲ್ಲ ಅಂತ ಕಳಿಸಿದ, ನಾನು ಅವನು ನೋಡೇ ಕಳಿಸಿರ್ತಾನೆ ಅಂತ ಕೆಳಗಿನ ಟೋಟಲ್ ಒಂದು ನೋಡಿ ಓಕೆ ಒತ್ತಿದೆ. ಟೋಟಲ್ ಸರಿಯಾಗೇ ಇತ್ತು, ಎರಡು ಸಲ ಬಂದಿದ್ದನ್ನೂ ಸೇರಿಸಿ ಸರಿಯಾಗಿತ್ತು! ದುಡ್ಡು ವಾಪಸ್ ಬಂತು ಪುಣ್ಯ. ಆದ್ರೆ ರಿಜಿಸ್ಟರಲ್ಲಿ ಆ ಸಾಲು ಆ ತಿಂಗಳೂ ಹಸಿರೇ, ಅಂದ್ರೆ ಎಲ್ಲ ಸರಿ ಅಂತ, ಇಬ್ಬರ ಅಪ್ರೂವಲ್ ಆಗಿತ್ತಲ್ಲ, ಅದೇನು ಸುಳ್ಳಾ?

ಈ ಹಸಿರು ಕಂಡಾಗೆಲ್ಲ ನಂಗೆ ತ್ರೀ ಮೈಲ್ ಐಲ್ಯಾಂಡ್ ದೀಪ ನೆನಪಾಗತ್ತೆ. 1979ರ ಮಾರ್ಚ್ 28, ಅಮೆರಿಕದ ಪೆನ್ಸಿಲ್ವೇನಿಯಾದ ಅಣು ಸ್ಥಾವರ, ಬೆಳಗಿನ ಜಾವ 4 ಗಂಟೆ. ಒತ್ತಡ ಇಳಿಸೋಕೆ ತೆರ್ಕೊಂಡ ಒಂದು ವಾಲ್ವ್ ಮತ್ತೆ ಮುಚ್ಚಲೇ ಇಲ್ಲ, ಸಿಕ್ಕಾಕೊಂಡ್ತು, ರಿಯಾಕ್ಟರ್ ತಣ್ಣಗಿಡೋ ನೀರು ಹೊರಗೆ ಹೋಗ್ತಾನೇ ಇತ್ತು. ಕಂಟ್ರೋಲ್ ರೂಮಲ್ಲಿ ಅದರ ದೀಪ ಆರಿತ್ತು. ಆರಿದ್ರೆ ಮುಚ್ಚಿದೆ ಅಂತ ಅಲ್ಲಿದ್ದೋರು ತಿಳ್ಕೊಂಡ್ರು, ಯಾರಾದ್ರೂ ಹಂಗೇ ತಿಳ್ಕೊಳ್ಳೋದು, ಆದ್ರೆ ಆ ದೀಪ ಹೇಳ್ತಿದ್ದಿದ್ದು ವಾಲ್ವ್ ಮುಚ್ಚಿದೆ ಅಂತಲ್ಲ, ಮುಚ್ಚು ಅನ್ನೋ ಸಿಗ್ನಲ್ ಹೋಗಿದೆ ಅಂತ ಅಷ್ಟೇ. ಇನ್ನೊಂದು ಮೀಟರ್ ನೋಡಿ ನೀರು ಜಾಸ್ತಿ ಆಯ್ತೇನೋ ಅಂದ್ಕೊಂಡು, ತಾನಾಗೇ ಶುರುವಾಗಿದ್ದ ತುರ್ತು ಕೂಲಿಂಗನ್ನೂ ಅವರೇ ಕಡಿಮೆ ಮಾಡಿದ್ರು. ವಾಲ್ವ್ ದಾರಿ ಬಂದ್ ಆಗಿದ್ದು ಎರಡು ಗಂಟೆ ಮೇಲೆ. ಅಷ್ಟರಲ್ಲಿ ಡ್ಯಾಮೇಜ್ ಶುರುವಾಗಿತ್ತು, ಕೊನೆಗೆ ರಿಯಾಕ್ಟರ್ ಕೋರಿನ, ಅಂದ್ರೆ ಇಂಧನ ಇರೋ ಒಳಭಾಗದ, ಹೆಚ್ಚುಕಮ್ಮಿ ಅರ್ಧ ಕರಗಿ ಹೋಗಿತ್ತು.

ಆಪರೇಟರ್ ತಪ್ಪು ಅಂತ ಬರ್ದು ಫೈಲ್ ಮುಚ್ಚಬಹುದಿತ್ತು. ಆದ್ರೆ ಆ ದೀಪ ಹಾಕಿದೋರ ತಪ್ಪು ಯಾವ ಕಾಲಮ್ಮಿಗೆ ಹಾಕೋದು? ನಮ್ಮ ಶೀಟಲ್ಲೂ ಮುಕ್ಕಾಲು ಭಾಗ ಅದೇ ಥರದ ದೀಪಗಳೇ: ಟ್ರೇನಿಂಗ್ ಕೊಟ್ಟಿದೆ, ಸರ್ಕ್ಯುಲರ್ ಕಳಿಸಿದೆ, ಸೈನ್ ಆಗಿದೆ. ವಾಲ್ವ್ ಮುಚ್ಚಿದ್ಯಾ ಅಂತ ಹೋಗಿ ನೋಡಿದೋರು ಯಾರೂ ಇಲ್ಲ.

ತಪ್ಪು ಮಾಡಬೇಡಿ ಅಂತ ಹೇಳದೇನೇ ತಪ್ಪು ಕಡಿಮೆ ಮಾಡಿದ್ದೂ ಉಂಟು. ಎರಡನೇ ಮಹಾಯುದ್ಧದ ಬಿ-17 ವಿಮಾನದಲ್ಲಿ ಚಕ್ರದ ಸ್ವಿಚ್ಚು, ಫ್ಲ್ಯಾಪ್ (ರೆಕ್ಕೆಯ ಹಿಂದಂಚಲ್ಲಿ ಇಳಿಸಿ ಎತ್ತೋ ಪಟ್ಟಿ) ಸ್ವಿಚ್ಚು ಎರಡೂ ಒಂದೇ ಥರ, ಅಕ್ಕಪಕ್ಕ. ಇಳಿದ ಮೇಲೆ ಫ್ಲ್ಯಾಪ್ ಎತ್ತೋಕೆ ಹೋಗಿ ಪೈಲಟ್‌ಗಳು ಚಕ್ರಾನೇ ಮಡಚಿಬಿಡ್ತಿದ್ರು. ಆಲ್ಫೋನ್ಸ್ ಚಪಾನಿಸ್ ಅನ್ನೋ ಮನಶ್ಶಾಸ್ತ್ರಜ್ಞ ಇದನ್ನ ನೋಡಿ, ಒಂದರ ಹಿಡಿಗೆ ಪುಟ್ಟ ಚಕ್ರದ ಆಕಾರ, ಇನ್ನೊಂದಕ್ಕೆ ಬೆಣೆ ಆಕಾರ ಕೊಟ್ರು. ಕಣ್ಣು ಬೇಡ, ಕೈಗೇ ಗೊತ್ತಾಗತ್ತೆ.

ನಮ್ಮಲ್ಲೂ ಒಂದೇ ಬಿಲ್ ನಂಬರ್ ಎರಡನೇ ಸಲ ಹಾಕಿದ್ರೆ ಸಿಸ್ಟಮ್ ತಗೋಬಾರ್ದು, ಅಷ್ಟು ಮಾಡ್ಸಿ ಅಂದೆ. ಅದೂ ಪೂರ್ತಿ ಭದ್ರ ಅಲ್ಲ ಅಂತ ಗೊತ್ತು, ತಗೊಳ್ತಿಲ್ಲ ಅಂತ ಯಾರೋ ಒಬ್ರು ನಂಬರ್ ಮುಂದೆ ಒಂದು ಚುಕ್ಕಿ ಇಟ್ಟು ಹಾಕೇ ಹಾಕ್ತಾರೆ, ಅವಸರದಲ್ಲಿದ್ರೆ ನಾನೂ ಹಾಕ್ತೀನಿ. ಸರ್ "ಅದು ಆಮೇಲೆ ನೋಡೋಣ" ಅಂದ್ರು.

ನಾಳೆ 10 ಗಂಟೆಗೆ ಶೀಟ್ ಹೋಗ್ಬೇಕು. ರೆಸಿಡ್ಯುಯಲ್ ಕಾಲಮ್ಮಲ್ಲಿ 'ಕಡಿಮೆ' ಅಂತಾನೇ ಬಿಟ್ಟಿದೀನಿ, ಝೀರೋ ಹಾಕಿಲ್ಲ. ಮೂರನೇ ಅಪ್ರೂವಲ್ ಸಾಲೂ ಸೇರಿಸಿದೀನಿ. ಯಾರ ಹೆಸರು ಹಾಕ್ಲಿ ಅಂತ ಸಂಜೆ ಮೆಸೇಜ್ ಮಾಡಿದ್ದೆ, ಈಗ ರಿಪ್ಲೈ ಬಂತು: ಸದ್ಯಕ್ಕೆ ನಿಮ್ಮದೇ ಹಾಕ್ಕೊಳ್ಳಿ.