ಹನ್ನೆರಡು ದಾಟಿದ ಮೇಲಿನ ನಡುಹಗಲು

ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಬೋಧಿಸುವ ನನಗೆ ರೇಖಾಂಶಗಳ ಪಾಠ ಎಂದೂ ಅಷ್ಟಾಗಿ ರುಚಿಸಿದ್ದಲ್ಲ; ಒಂದು ಡಿಗ್ರಿಗೆ 4 ನಿಮಿಷ ಎಂಬ ಲೆಕ್ಕವನ್ನು ಬರೆಸಿ ಮುಂದೆ ಸಾಗುವುದೇ ವಾಡಿಕೆಯಾಗಿತ್ತು. ಕಳೆದ ಡಿಸೆಂಬರಿನಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಆ ವಾಡಿಕೆಯನ್ನು ಮುರಿದಳು. ನ್ಯೂಜೆರ್ಸಿಯಲ್ಲಿರುವ ಅವಳ ಚಿಕ್ಕಪ್ಪ ಅಲ್ಲಿನ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಾರಂತೆ. ಅಕ್ಟೋಬರ್‌ವರೆಗೆ ಇಲ್ಲಿ ಬೆಳಿಗ್ಗೆ ಆರೂವರೆಗೆ ಬರುತ್ತಿದ್ದ ಕರೆ ಈಗ ಏಳೂವರೆಗೆ, ಅಮ್ಮ ಜಡೆ ಹೆಣೆಯುತ್ತಿರುವ ಹೊತ್ತಿಗೆ, ಬರುತ್ತಿದೆ. “ಭೂಮಿ ತಿರುಗೋದು ಹೆಚ್ಚುಕಮ್ಮಿ ಆಗಿದೆಯಾ ಸರ್?” ಎಂದಳು.

ಹೆಚ್ಚುಕಮ್ಮಿಯಾದದ್ದು ಭೂಮಿಯಲ್ಲ, ಅಲ್ಲಿನವರ ಗಡಿಯಾರ. ಬೇಸಿಗೆಯಲ್ಲಿ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ನವೆಂಬರಿನಲ್ಲಿ ಹಿಂದಕ್ಕೆ ತರುವ ಈ ಪದ್ಧತಿಯಂಥದನ್ನು 1895ರಲ್ಲಿಯೇ ಸೂಚಿಸಿದವರು ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್. ಕೆಲಸ ಮುಗಿಸಿದ ಮೇಲೆ ಹುಳುಹುಪ್ಪಟೆ ಸಂಗ್ರಹಿಸಲು ಅವರಿಗೆ ಸಂಜೆಯ ಬೆಳಕು ಬೇಕಾಗಿತ್ತು ಎಂದಾಗ ತರಗತಿ ನಕ್ಕಿತು. 1916ರಲ್ಲಿ ಜರ್ಮನಿ ಅದನ್ನು ಜಾರಿಗೆ ತಂದದ್ದು ಯುದ್ಧಕಾಲದಲ್ಲಿ ಕಲ್ಲಿದ್ದಲು ಉಳಿಸಲು. ಎರಡನೆಯ ಮಹಾಯುದ್ಧದ ಸಮಯದಲ್ಲಿ, 1942ರಿಂದ 1945ರವರೆಗೆ, ಭಾರತದ ಗಡಿಯಾರವೂ ಒಂದು ಗಂಟೆ ಮುಂದೆ ಓಡಿತ್ತು. ಆದರೆ ಲಂಡನ್ನಿನ ಅತಿ ದೀರ್ಘ ಹಗಲು ಹದಿನಾರೂವರೆ ಗಂಟೆ, ಅತಿ ಚಿಕ್ಕದು ಎಂಟು ಗಂಟೆಗೂ ಕಡಿಮೆ. ಮೈಸೂರಿನಲ್ಲಿ ಈ ಅಂತರ ಒಂದೂವರೆ ಗಂಟೆಯನ್ನೂ ಮುಟ್ಟುವುದಿಲ್ಲ. ಉಳಿಸಲು ನಮ್ಮಲ್ಲಿ ಹೆಚ್ಚುವರಿ ಬೆಳಕೇ ಇಲ್ಲ.

“ಹಾಗಾದರೆ ನಮ್ಮ ಗಡಿಯಾರವೇ ಸರಿ” ಎಂದು ಮಕ್ಕಳು ತೀರ್ಮಾನಿಸಿಬಿಟ್ಟರು. ಅದನ್ನು ನೋಡಿಯೇ ಬಿಡೋಣವೆಂದು ಮರುದಿನ ಆಟದ ಅಂಗಳದ ಸಿಮೆಂಟು ನೆಲದ ಮೇಲೆ ಒಂದು ಮೀಟರ್ ಉದ್ದದ ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿದೆವು. ಹನ್ನೊಂದೂವರೆಯಿಂದ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಬಿತ್ತು. ಹನ್ನೆರಡಾಯಿತು, ನೆರಳು ಇನ್ನೂ ಕುಗ್ಗುತ್ತಲೇ ಇತ್ತು. ಅದು ಅತಿ ಚಿಕ್ಕದಾಗಿ, ಸುಮಾರು 72 ಸೆಂಟಿಮೀಟರಿಗೆ ಇಳಿದಾಗ ಹನ್ನೆರಡೂ ಇಪ್ಪತ್ತು ದಾಟಿತ್ತು.

ಅಂದರೆ ಮೈಸೂರಿನ ನಿಜವಾದ ನಡುಹಗಲು ಗಡಿಯಾರದ ಹನ್ನೆರಡಕ್ಕೆ ಬರುವುದಿಲ್ಲ. 1906ರಿಂದ ಜಾರಿಯಲ್ಲಿರುವ ಭಾರತೀಯ ಕಾಲಮಾನದ ಆಧಾರ 82.5 ಡಿಗ್ರಿ ಪೂರ್ವ ರೇಖಾಂಶ. ನಾವಿರುವುದು ಅದರಿಂದ ಸುಮಾರು ಆರು ಡಿಗ್ರಿ ಪಶ್ಚಿಮಕ್ಕೆ. ಆದ್ದರಿಂದ ನಮ್ಮ ಗಡಿಯಾರ ನಮ್ಮ ಸೂರ್ಯನಿಗಿಂತ ಸರಾಸರಿ 23 ನಿಮಿಷ, ಹತ್ತಿರಹತ್ತಿರ ಒಂದು ಘಳಿಗೆ, ಸದಾ ಮುಂದಿರುತ್ತದೆ. ತಳದಲ್ಲಿ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗುವ 24 ನಿಮಿಷವನ್ನು ಒಂದು ಘಳಿಗೆಯೆಂದು ಎಣಿಸುತ್ತಿದ್ದವರಿಗೆ ಈ ತಕರಾರೇ ಇರಲಿಲ್ಲ. ಅವರ ಲೆಕ್ಕ ತಮ್ಮೂರಿನ ಸೂರ್ಯೋದಯದಿಂದ ಶುರುವಾಗುತ್ತಿತ್ತು. ರೈಲು ಬಂದ ಮೇಲೆ ಊರಿಗೊಂದು ಹೊತ್ತು ಇಟ್ಟುಕೊಳ್ಳುವಂತಿರಲಿಲ್ಲ. ಅಮೆರಿಕದವರು ವರ್ಷಕ್ಕೆರಡು ಬಾರಿ ಎದ್ದುಕಾಣುವಂತೆ ಮಾಡುವುದನ್ನು ನಾವು ವರ್ಷವಿಡೀ ಸದ್ದಿಲ್ಲದೆ ಮಾಡುತ್ತಿದ್ದೇವೆ ಎಂಬುದೇ ನನ್ನ ಅಭಿಪ್ರಾಯ.

ಅಸ್ಸಾಮಿನ ಚಹಾ ತೋಟಗಳಲ್ಲಿ ಒಂದು ಗಂಟೆ ಮುಂದಿರುವ ‘ಬಾಗಾನ್ ಟೈಮ್’ ಬಳಕೆಯಲ್ಲಿದೆ ಎಂದು ನಾನು ಹೇಳಿದ್ದೇ ತಡ, ಹಿಂದಿನ ಬೆಂಚಿನ ಹುಡುಗ ಎದ್ದು, ನಮ್ಮ ಶಾಲೆಯ ಗಂಟೆಯನ್ನೂ ಸೂರ್ಯನ ಲೆಕ್ಕದಲ್ಲಿ 23 ನಿಮಿಷ ತಡವಾಗಿ ಹೊಡೆಯಬೇಕೆಂದು ವಾದಿಸಿದ. ಸಂಜೆ ಬಿಡುವುದೂ ಅಷ್ಟೇ ತಡವಾದೀತು ಎಂದು ಪಕ್ಕದವನು ನೆನಪಿಸಿದ ಮೇಲೆ ಬೇಡಿಕೆ ವಾಪಸಾಯಿತು.